ಏಳು ಜನರ ಹೆಲೋವೀನ್: ಒಡೆದ ತಂಡ ಮತ್ತೆ ಕೂಡಿದ ಬಗೆ

2021ರ ಜೂನ್‌ನಲ್ಲಿ ಹ್ಯಾಂಬರ್ಗ್‌ನ ಹೆವಿ ಮೆಟಲ್ (ರಾಕ್ ಸಂಗೀತದ ಅಬ್ಬರದ ಪ್ರಕಾರ) ತಂಡ ಹೆಲೋವೀನ್ ತನ್ನದೇ ಹೆಸರಿನ ಆಲ್ಬಮ್ ಹೊರತಂದಿತು. ಅದು ಜರ್ಮನಿಯ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಷ್ಟು ಹೊತ್ತಿಗೆ ತಂಡ ಹುಟ್ಟಿ 37 ವರ್ಷಗಳಾಗಿದ್ದವು. ಸಾಮಾನ್ಯವಾಗಿ ರಾಕ್ ತಂಡವೊಂದು ಮತ್ತೆ ಒಂದಾಗುವುದೆಂದರೆ ಹಳೆಯ ಗಾಯಕ ಮರಳುತ್ತಾನೆ, ಇಷ್ಟು ವರ್ಷ ಅವನ ಜಾಗದಲ್ಲಿ ಹಾಡಿದವನು ಮನೆಗೆ ಹೋಗುತ್ತಾನೆ. ಇಲ್ಲಿ ಯಾರೂ ಮನೆಗೆ ಹೋಗಲಿಲ್ಲ. ಐವರ ತಂಡ ಏಳು ಜನರದಾಯಿತು. ಹಾಡುವವರು ಮೂವರು, ಗಿಟಾರ್ ಹಿಡಿದವರೂ ಮೂವರು. ಇದು ಎಷ್ಟು ಅಪರೂಪದ ಸಂಗತಿ ಎಂದು ತಿಳಿಯಬೇಕಾದರೆ ತಂಡ ಒಡೆದದ್ದು ಹೇಗೆ ಎಂಬುದನ್ನು ನೋಡಬೇಕು.

1984ರಲ್ಲಿ ಗಿಟಾರ್ ವಾದಕರಾದ ಕೈ ಹ್ಯಾನ್ಸೆನ್ ಮತ್ತು ಮೈಕೆಲ್ ವೈಕಾಟ್, ಬೇಸ್ ಗಿಟಾರ್ ನುಡಿಸುವ ಮಾರ್ಕುಸ್ ಗ್ರೋಸ್ಕೊಪ್ಫ್, ಡ್ರಮ್ಸ್‌ಗೆ ಇಂಗೊ ಶ್ವಿಖ್ಟೆನ್‌ಬರ್ಗ್ ಸೇರಿ ತಂಡ ಕಟ್ಟಿದರು. ಬರ್ಲಿನ್‌ನ ಧ್ವನಿಮುದ್ರಣ ಕಂಪನಿ ನಾಯ್ಸ್ ರೆಕಾರ್ಡ್ಸ್ ಅವರನ್ನು ಸೇರಿಸಿಕೊಂಡಿತು. 1985ರಲ್ಲಿ ಮೊದಲ ಪೂರ್ಣ ಆಲ್ಬಮ್ ‘ವಾಲ್ಸ್ ಆಫ್ ಜೆರಿಕೊ’ ಬಂದಾಗ ಹ್ಯಾನ್ಸೆನ್ ಅವರೇ ಹಾಡುತ್ತಿದ್ದರು. ಆ ವೇಗದಲ್ಲಿ ಗಿಟಾರ್ ನುಡಿಸುತ್ತಲೇ ಹಾಡುವುದು ಅವರಿಗೆ ಭಾರವಾಗತೊಡಗಿತ್ತು. ಹಾಗಾಗಿ 1986ರಲ್ಲಿ ಹದಿನೆಂಟರ ಹುಡುಗ ಮೈಕೆಲ್ ಕಿಸ್ಕೆ ತಂಡಕ್ಕೆ ಬಂದರು. ತಾರಸ್ಥಾಯಿಯಲ್ಲಿಯೂ ಒಡೆಯದ, ಕಿರುಚದ, ತುಂಬು ಕಂಠ ಅವರದು.

1987 ಮತ್ತು 1988ರಲ್ಲಿ ಬಂದ ‘ಕೀಪರ್ ಆಫ್ ದ ಸೆವೆನ್ ಕೀಸ್’ನ ಎರಡು ಭಾಗಗಳು ಮೆಟಲ್ ಸಂಗೀತದಲ್ಲಿ ಒಂದು ಹೊಸ ದಾರಿಯನ್ನೇ ತೆರೆದವು. ತಂಡಕ್ಕೆ ಬೇಕಿದ್ದದ್ದು ಎರಡು ಡಿಸ್ಕ್‌ಗಳ ಒಂದೇ ಆಲ್ಬಮ್. ಕಂಪನಿ ಒಪ್ಪದ ಕಾರಣ ಅದು ಎರಡಾಗಿ ಬಂತು. ಸಂಗೀತದ ಲಕ್ಷಣ ಇದು: ಎರಡು ಕಾಲುಗಳಿಂದಲೂ ಬಿಡುವಿಲ್ಲದೆ ಬಾರಿಸುವ ಬೇಸ್ ಡ್ರಮ್, ಒಂದೇ ರಾಗವನ್ನು ಬೇರೆ ಬೇರೆ ಸ್ವರಗಳಿಂದ ಹಿಡಿದು ಜೊತೆಜೊತೆಗೆ ಸಾಗುವ ಎರಡು ಗಿಟಾರ್, ಇಡೀ ಸಭೆ ಒಂದಾಗಿ ಹಾಡಬಹುದಾದ ಪಲ್ಲವಿ. ಆ ಕಾಲದ ಮೆಟಲ್‌ನಲ್ಲಿ ಕತ್ತಲೆ, ಸಿಟ್ಟು, ಯುದ್ಧಗಳೇ ಹೆಚ್ಚು. ಇವರು ಅಷ್ಟೇ ಬಿರುಸಿನಲ್ಲಿ ಸಂತೋಷವನ್ನು ಹಾಡಿದರು. ಜೊತೆಗೆ ಹದಿಮೂರು ನಿಮಿಷಗಳಷ್ಟು ದೀರ್ಘವಾದ ಕಥನಗೀತೆಗಳನ್ನೂ ಕಟ್ಟಿದರು. ಇಂದು ಪವರ್ ಮೆಟಲ್ ಎಂದು ಕರೆಯುವ ಪ್ರಕಾರಕ್ಕೆ ಈ ಎರಡು ಆಲ್ಬಮ್‌ಗಳೇ ತಳಪಾಯ ಎಂಬುದು ನನ್ನ ದೃಢ ಅಭಿಪ್ರಾಯ. ಫಿನ್ಲೆಂಡ್‌ನ ಸ್ಟ್ರಾಟೊವೇರಿಯಸ್, ಸ್ವೀಡನ್ನಿನ ಹ್ಯಾಮರ್‌ಫಾಲ್, ಬ್ರೆಜಿಲ್‌ನ ಆಂಗ್ರಾ ತಂಡಗಳನ್ನು ಕೇಳಿದರೆ ಈ ಋಣ ತಾನಾಗಿಯೇ ಕಿವಿಗೆ ಬೀಳುತ್ತದೆ.

ಒಡಕು ಶುರುವಾದದ್ದು ಇದೇ ಎತ್ತರದಲ್ಲಿ. ಎರಡನೇ ಭಾಗದಲ್ಲಿ ಹ್ಯಾನ್ಸೆನ್ ಬರೆದ ‘ಐ ವಾಂಟ್ ಔಟ್’ ಹಾಡಿದೆ. ನನ್ನ ಬದುಕನ್ನು ಇತರರು ನಿರ್ಧರಿಸುವುದು ಸಾಕು, ನನ್ನನ್ನು ಬಿಡಿ ಎನ್ನುವ ಹಾಡು. ಆಲ್ಬಮ್ ಬಂದ ಕೆಲವೇ ತಿಂಗಳಲ್ಲಿ ಅವರು ತಂಡ ಬಿಟ್ಟು ಗಾಮಾ ರೇ ಎಂಬ ತಮ್ಮದೇ ತಂಡ ಕಟ್ಟಿದರು. ನಿಲ್ಲದ ಪ್ರವಾಸ, ದಣಿದ ದೇಹ, ಒಳಗಿನ ಜಗಳ ಎಲ್ಲವೂ ಸೇರಿದ್ದವು. ಉಳಿದವರು ನಾಯ್ಸ್ ಬಿಟ್ಟು ದೊಡ್ಡ ಕಂಪನಿ ಇಎಂಐ ಕಡೆ ಹೊರಟಾಗ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಮುಂದಿನ ಆಲ್ಬಮ್ ಹೊರಬಂದದ್ದು 1991ರಲ್ಲಿ. ಜಗತ್ತು ಕಿವಿಗೊಟ್ಟು ಕಾಯುತ್ತಿದ್ದ ಅಮೂಲ್ಯ ವರ್ಷಗಳು ಹೀಗೆ ಕಾಗದಪತ್ರಗಳ ನಡುವೆ ಕಳೆದುಹೋದವು ಎಂಬುದು ಇಂದಿಗೂ ನೋಯಿಸುವ ಸಂಗತಿ.

1993ರ ‘ಕಮೀಲಿಯನ್’ ಮೆಟಲ್‌ನಿಂದ ಬಹುದೂರ ಸರಿದಿತ್ತು. ಅಭಿಮಾನಿಗಳು ಅದನ್ನು ಒಪ್ಪಲಿಲ್ಲ. ಅದೇ ವರ್ಷ ಕಿಸ್ಕೆ ಹೊರಬಿದ್ದರು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದ ಶ್ವಿಖ್ಟೆನ್‌ಬರ್ಗ್ ಕೂಡ ತಂಡದಿಂದ ದೂರವಾದರು. 1995ರ ಮಾರ್ಚ್‌ನಲ್ಲಿ ಅವರು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಆಗ ಅವರಿಗೆ 29 ವರ್ಷ. ಗಾಮಾ ರೇ ಆಲ್ಬಮ್‌ನಲ್ಲಿ ಹ್ಯಾನ್ಸೆನ್ ತಮ್ಮ ಹಳೆಯ ಜೊತೆಗಾರ ಶ್ವಿಖ್ಟೆನ್‌ಬರ್ಗ್ ನೆನಪಿಗೆ ಒಂದು ಹಾಡನ್ನು ಅರ್ಪಿಸಿದರು. ಹೆಲೋವೀನ್ 1996ರ ‘ದ ಟೈಮ್ ಆಫ್ ದಿ ಓತ್’ ಆಲ್ಬಮ್ಮನ್ನೇ ಅರ್ಪಿಸಿತು. ಬೇರೆ ಬೇರೆ ಮನೆ ಮಾಡಿಕೊಂಡವರು ಒಂದೇ ಸಾವಿಗೆ ಅತ್ತರು.

ಮುಗಿಯಿತು ಎನ್ನುವಂತಿದ್ದ ತಂಡವನ್ನು ಎತ್ತಿ ನಿಲ್ಲಿಸಿದವರು ಆಂಡಿ ಡೆರಿಸ್. ಪಿಂಕ್ ಕ್ರೀಮ್ 69 ತಂಡದಿಂದ ಬಂದ ಅವರ ಕಂಠ ಕಿಸ್ಕೆ ಅವರಷ್ಟು ಎತ್ತರಕ್ಕೆ ಹೋಗುವುದಿಲ್ಲ; ಒರಟು, ಬಿಸಿ ಹೆಚ್ಚು. 1994ರ ‘ಮಾಸ್ಟರ್ ಆಫ್ ದ ರಿಂಗ್ಸ್’ನಿಂದ ತಂಡ ಮತ್ತೆ ಚೇತರಿಸಿಕೊಂಡಿತು, ಜಪಾನಿನಲ್ಲಿ ವಿಶೇಷವಾಗಿ. ಆಮೇಲೆಯೂ ವಾದಕರು ಬದಲಾಗುತ್ತಲೇ ಇದ್ದರು. 2002ರಲ್ಲಿ ಗಿಟಾರ್‌ಗೆ ಸಾಶಾ ಗೆರ್ಸ್ಟ್‌ನರ್, 2005ರಲ್ಲಿ ಡ್ರಮ್ಸ್‌ಗೆ ಡಾನಿ ಲ್ಯೋಬ್ಲೆ ಬಂದು ನೆಲೆ ನಿಂತರು. ಡೆರಿಸ್ ಇಷ್ಟೆಲ್ಲ ಮಾಡಿದರೂ ಹಳೆಯ ಗಾಯಕನೊಂದಿಗಿನ ಹೋಲಿಕೆ ಅವರನ್ನು ಬಿಡಲಿಲ್ಲ. ಅವರಿಗೆ ಸಲ್ಲಬೇಕಾದ ಗೌರವ ಬಹಳ ತಡವಾಗಿ ಸಂದಿತು ಎಂದೇ ನನಗನ್ನಿಸುತ್ತದೆ.

ರಾಜಿ ಒಂದೇ ದಿನದಲ್ಲಿ ಆದದ್ದಲ್ಲ. ಗಾಮಾ ರೇ ಮತ್ತು ಹೆಲೋವೀನ್ ಒಟ್ಟಿಗೆ ಪ್ರವಾಸ ಮಾಡಿದವು. ಹ್ಯಾನ್ಸೆನ್ ಮತ್ತು ಕಿಸ್ಕೆ ಯೂನಿಸಾನಿಕ್ ಎಂಬ ತಂಡದಲ್ಲಿ ಜೊತೆಯಾದರು. ಉಳಿದದ್ದು ಕಿಸ್ಕೆ ಮತ್ತು ವೈಕಾಟ್ ನಡುವಿನ ಮುನಿಸು. ಸಂಗೀತೋತ್ಸವವೊಂದರಲ್ಲಿ ಎದುರಾದ ವೈಕಾಟ್, ಕ್ಷಮಿಸಲಾಗದಂಥದ್ದು ನಾನೇನು ಮಾಡಿದೆ ಎಂದು ನೇರವಾಗಿ ಕೇಳಿದರಂತೆ. ಆ ಕ್ಷಣದಲ್ಲಿ, ತಾನು ಯಾವಾಗಲೋ ಕ್ಷಮಿಸಿಬಿಟ್ಟಿದ್ದೇನೆ ಎಂಬುದು ಹೊಳೆಯಿತು ಎಂದು ಕಿಸ್ಕೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

2017ರ ಅಕ್ಟೋಬರ್‌ನಲ್ಲಿ ಮೆಕ್ಸಿಕೊದಿಂದ ‘ಪಂಪ್ಕಿನ್ಸ್ ಯುನೈಟೆಡ್’ ಪ್ರವಾಸ ಆರಂಭವಾಯಿತು. ಹತ್ತಿರ ಹತ್ತಿರ ಮೂರು ಗಂಟೆಗಳ ಕಛೇರಿ. ಡೆರಿಸ್ ಮತ್ತು ಕಿಸ್ಕೆ ಸರದಿಯಂತೆ ಹಾಡುತ್ತಿದ್ದರು, ಕೆಲವನ್ನು ಜೊತೆಯಾಗಿ. ಮೊದಲ ಆಲ್ಬಮ್‌ನ ಹಾಡುಗಳು ಹ್ಯಾನ್ಸೆನ್ ಪಾಲಿಗೆ. ಡ್ರಮ್ಸ್ ಸರದಿ ಬಂದಾಗ ಪರದೆಯ ಮೇಲೆ ಶ್ವಿಖ್ಟೆನ್‌ಬರ್ಗ್ ಕಾಣಿಸಿಕೊಳ್ಳುತ್ತಿದ್ದರು, ವೇದಿಕೆಯಿಂದ ಲ್ಯೋಬ್ಲೆ ಅವರಿಗೆ ಜೊತೆ ನೀಡುತ್ತಿದ್ದರು. 2021ರ ಆಲ್ಬಮ್‌ಗೆ ಲ್ಯೋಬ್ಲೆ ನುಡಿಸಿದ್ದು ಶ್ವಿಖ್ಟೆನ್‌ಬರ್ಗ್ ಅವರ ಹಳೆಯ ಡ್ರಮ್ಸ್ ಮೇಲೆಯೇ.

ಒಂದು ಪ್ರವಾಸ ಮಾಡಿ ಹಣ ಎಣಿಸಿ ಚದುರಿಹೋಗುತ್ತಾರೆ ಎಂದುಕೊಂಡಿದ್ದವರಿಗೆ ಉತ್ತರವೂ ಸಿಕ್ಕಿದೆ. 2025ರ ಆಗಸ್ಟ್‌ನಲ್ಲಿ ಬಂದ ‘ಜೈಂಟ್ಸ್ ಅಂಡ್ ಮಾನ್‌ಸ್ಟರ್ಸ್’ ಆಲ್ಬಮ್‌ನಲ್ಲಿಯೂ ಇರುವುದು ಅದೇ ಏಳು ಜನ.