ಲ್ಯಾಂಡ್‌ಸೀರ್ ಬರೆದ ನಾಯಿಯ ಹುಬ್ಬು

"ಡಾಕ್ಟ್ರೇ, ಚಪ್ಪಲಿ ಕಚ್ಚಿದ್ದಕ್ಕೆ ತಪ್ಪಾಯ್ತು ಅಂತ ಹೇಗೆ ಮುಖ ಮಾಡ್ಕೊಂಡಿದೆ ನೋಡಿ!" ನಮ್ಮ ಪಶುವೈದ್ಯ ಕ್ಲಿನಿಕ್‌ನಲ್ಲಿ ನಾಯಿ ಸಾಕಿದವರ ಈ ಮಾತು ಕೇಳದ ವಾರವೇ ಇಲ್ಲ. ಅದು ಪಶ್ಚಾತ್ತಾಪ ಅಲ್ಲ, ನಿಮ್ಮ ದನಿಗೆ ಹೆದರಿದೆ ಅಷ್ಟೇ, ಎನ್ನುತ್ತೇನೆ. ಆದರೆ ಇಂಗ್ಲೆಂಡಿನ ಚಿತ್ರಕಾರ ಎಡ್ವಿನ್ ಲ್ಯಾಂಡ್‌ಸೀರ್ ಬರೆದ ನಾಯಿಯ ಮುಂದೆ ನನ್ನದೇ ಪಾಠ ನನಗೆ ಮರೆತುಹೋಗುತ್ತದೆ.

1837ರ ಚಿತ್ರ ಅದು. ಮುದಿ ಕುರಿಗಾಹಿ ಸತ್ತಿದ್ದಾನೆ. ಕೋಣೆಯಲ್ಲಿ ಮನುಷ್ಯರು ಯಾರೂ ಇಲ್ಲ. ಅವನ ಟೋಪಿ, ಕೋಲು ನೆಲದ ಮೇಲಿವೆ. ನಾಯಿ ಶವಪೆಟ್ಟಿಗೆಗೆ ಎದೆಯೊತ್ತಿ, ಅದರ ಮೇಲೆ ಗದ್ದ ಇಟ್ಟಿದೆ. ಅಷ್ಟೇ ಚಿತ್ರ. ಗಂಟಲು ಕಟ್ಟುತ್ತದೆ.

ಲ್ಯಾಂಡ್‌ಸೀರ್ 1802ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಹದಿಮೂರನೇ ವಯಸ್ಸಿಗೇ ಅಲ್ಲಿನ ಹೆಸರಾಂತ ಕಲಾಸಂಸ್ಥೆ ರಾಯಲ್ ಅಕಾಡೆಮಿಯಲ್ಲಿ ಅವನ ಚಿತ್ರಗಳು ಪ್ರದರ್ಶನಕ್ಕೆ ಬಂದವು. ಪ್ರಾಣಿಗಳನ್ನು ಕೊಯ್ದು ಒಳಗಿನ ಸ್ನಾಯು, ಮೂಳೆ ನೋಡಿ ಕಲಿ ಎಂದವನು ಅವನ ಗುರು, ಚಿತ್ರಕಾರ ಹೇಡನ್. ನಾವು ಅನಾಟಮಿ ಲ್ಯಾಬಿನಲ್ಲಿ ಮೂಗು ಮುಚ್ಚಿಕೊಂಡು ಕಲಿತದ್ದನ್ನು ಅವನು ಹುಡುಗನಾಗಿದ್ದಾಗಲೇ ಕಲಿತ. ಹಾಗಾಗಿ ಅವನ ನಾಯಿಯ ಭುಜ, ಕುತ್ತಿಗೆಯಲ್ಲಿ ನನಗೆ ತಪ್ಪು ಸಿಗುವುದಿಲ್ಲ. ಮೈ ನಾಯಿಯದೇ. ಮುಖಕ್ಕೆ ಮಾತ್ರ ಮನುಷ್ಯನ ದುಃಖ ಹಚ್ಚಿದ್ದಾನೆ ಎಂದು ಬಹಳ ಕಾಲ ಅಂದುಕೊಂಡಿದ್ದೆ.

2019ರಲ್ಲಿ ಬಂದ ಒಂದು ಅಧ್ಯಯನ ನನ್ನನ್ನು ಸ್ವಲ್ಪ ಮೆತ್ತಗೆ ಮಾಡಿತು. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಸಣ್ಣ ಸ್ನಾಯುವೊಂದು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ. ತೋಳಗಳಲ್ಲಿ ಅಲ್ಲಿರುವುದು ಕೆಲವು ನಾರುಗಳು ಮಾತ್ರ. ಮನುಷ್ಯನ ಜೊತೆ ಬಾಳುತ್ತಾ, ನಮ್ಮ ಕರುಳು ಚುರ್ ಎನ್ನಿಸುವ ಮುಖವೇ ನಾಯಿಗೆ ಬಂದಿರಬಹುದು. ಲ್ಯಾಂಡ್‌ಸೀರ್ ಆ ಹುಬ್ಬನ್ನು ಸುಮ್ನೆ ಕಲ್ಪಿಸಿಕೊಂಡು ಬರೆದದ್ದಲ್ಲ ಅಂತಾಯ್ತು.

ಈ ಮುಖಗಳು ಅರಮನೆಯಲ್ಲೇ ಉಳಿಯಲಿಲ್ಲ. ವಿಕ್ಟೋರಿಯಾ ರಾಣಿಯ ಮುದ್ದಿನ ನಾಯಿ ಡ್ಯಾಶ್‌ನ ಚಿತ್ರ ಬರೆದವನೂ ಇವನೇ. ಆದರೆ ಅಣ್ಣ ಥಾಮಸ್ ಕೆತ್ತಿದ ಅಚ್ಚುಗಳಿಂದ ಚಿತ್ರಗಳು ಸಾಮಾನ್ಯರ ಮನೆಯ ಗೋಡೆಗೂ ಬಂದವು. ಕಪ್ಪು ಬಿಳುಪಿನ ನ್ಯೂಫೌಂಡ್‌ಲ್ಯಾಂಡ್ ನಾಯಿಗಳಿಗೆ ಇವತ್ತಿಗೂ ಲ್ಯಾಂಡ್‌ಸೀರ್ ಎಂದೇ ಹೆಸರು.

ಅವನು ಎಡವಿದ್ದು ಸಿಂಹದಲ್ಲಿ. 1858ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ನಾಲ್ಕು ಕಂಚಿನ ಸಿಂಹ ಮಾಡಿಕೊಡುವ ಕೆಲಸ ಒಪ್ಪಿಕೊಂಡ. ಶಿಲ್ಪ ಅವನ ಕಸುಬೇ ಅಲ್ಲ. ಮೃಗಾಲಯದಲ್ಲಿ ಸತ್ತ ಸಿಂಹವೊಂದನ್ನು ಮಾದರಿಗೆಂದು ತರಿಸಿದ. ಕೆಲಸ ಮುಗಿಯುವ ಮೊದಲೇ ಅದು ಕೊಳೆಯಿತು. ಪೋಸ್ಟ್‌ಮಾರ್ಟಂ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇಸಿಗೆಯಾದರೆ ಮಾರನೇ ದಿನವೇ ಹೊಟ್ಟೆ ಉಬ್ಬಿ ಆಕಾರ ಕೆಟ್ಟಿರುತ್ತದೆ. ಸಿಂಹಗಳು ಪೀಠ ಏರಿದ್ದು 1867ರಲ್ಲಿ. ಪಂಜ ನಾಯಿಯದರಂತಿದೆ ಎಂಬ ಟೀಕೆ ಇದೆ. ಫೋಟೋ ನೋಡಿದ ನನಗೂ ಹಾಗೇ ಅನ್ನಿಸಿತು. ಕೈಗೆ ರೂಢಿಯಾದ ಪ್ರಾಣಿಯೇ ತಾನಾಗಿ ಬಂದುಬಿಡುತ್ತದೆ, ಅಲ್ವಾ?

1840ರಲ್ಲೇ ಅವನ ಮನಸ್ಸಿನ ಆರೋಗ್ಯ ಕುಸಿದಿತ್ತು. ಕುಡಿತವೂ ಸೇರಿ ಕೊನೆಯ ವರ್ಷಗಳು ಕಷ್ಟದಲ್ಲೇ ಕಳೆದವು. 1873ರ ಅಕ್ಟೋಬರ್ 1ರಂದು ತೀರಿಕೊಂಡ. ಅಂಗಡಿಗಳು ಪರದೆ ಇಳಿಸಿದವು. ಶವಯಾತ್ರೆ ನೋಡಲು ಬೀದಿಯುದ್ದಕ್ಕೂ ಜನ ನಿಂತರು. ನಾಯಿ ಪಂಜದ ಆ ಸಿಂಹಗಳಿಗೂ ಹೂವಿನ ಹಾರ ಹಾಕಿದ್ದರು.