ಆರು–ನಾಲ್ಕರ ಗೆಲುವನ್ನು ಎಷ್ಟು ನಂಬಬಹುದು?

ಒಂದೇ ಬಲದ ಇಬ್ಬರು ಸ್ಟ್ರೀಟ್ ಫೈಟರ್ 6 ಎಂಬ ಹೊಡೆದಾಟದ ವಿಡಿಯೋ ಗೇಮಿನಲ್ಲಿ (ಫೈಟಿಂಗ್ ಗೇಮ್) ಹತ್ತು ಆಟ ಆಡಿದರೆ ಐದು–ಐದು ಆಗುವುದು ನಾಲ್ಕು ಸಲದಲ್ಲಿ ಒಂದು ಸಲ ಮಾತ್ರ. ಫಲಿತಾಂಶಗಳ 1,024 ಜೋಡಣೆಗಳಲ್ಲಿ ಸಮಸಮ ಬರುವುದು 252. ಉಳಿದ ಮೂರು ಸಲವೂ ಯಾರಾದರೊಬ್ಬರು ಆರೋ ಅದಕ್ಕಿಂತ ಹೆಚ್ಚೋ ಗೆದ್ದಿರುತ್ತಾರೆ. ಕಾಸರಗೋಡಿನ ಕಡೆಯ ಕುಂಬಳೆಯಲ್ಲೋ ಉಪ್ಪಳದಲ್ಲೋ ಒಂದು ಟಿವಿ, ಎರಡು ಕಂಟ್ರೋಲರ್ ಇಟ್ಟುಕೊಂಡು ಕೂತ ಗೆಳೆಯರಲ್ಲಿ ‘ನಿನಗಿಂತ ನಾನೇ ಮೇಲೆ’ ಎಂಬ ವಾದ ಹುಟ್ಟುವುದು ಹೆಚ್ಚಾಗಿ ಈ ಆರು–ನಾಲ್ಕರಿಂದಲೇ. ಆ ವಾದಕ್ಕೆ ಹತ್ತು ಆಟ ಸಾಲದು. ಎಷ್ಟು ಬೇಕು, ಯಾರೊಡನೆ ಆಡಿದ್ದು ಬೇಕು ಎಂಬುದೇ ಫೈಟಿಂಗ್ ಗೇಮ್ ಅಂಕಿಅಂಶದ ತಿರುಳು.

ಈ ಆಟಗಳಲ್ಲಿ ಅದೃಷ್ಟ ಎಲ್ಲಿಂದ ನುಸುಳುತ್ತದೆ? ಬಿದ್ದ ಎದುರಾಳಿ ಏಳುವ ಕ್ಷಣವನ್ನು ನೋಡಿ. ಮೇಲೆ ನಿಂತವನು ಹೊಡೆಯಬಹುದು, ಇಲ್ಲವೇ ಹಿಡಿದು ಎಸೆಯಬಹುದು (ಥ್ರೋ). ಹೊಡೆತಕ್ಕೆ ಬ್ಲಾಕ್, ಅಂದರೆ ತಡೆ, ಮದ್ದು. ಥ್ರೋಗೆ ಬ್ಲಾಕ್ ನಾಟುವುದಿಲ್ಲ. ಆಟ ಓಡುವುದು ಸೆಕೆಂಡಿಗೆ 60 ಫ್ರೇಮ್ (ತೆರೆಯ ಮೇಲಿನ ಬಿಡಿ ಚಿತ್ರ), ಅಂದರೆ ಒಂದು ಫ್ರೇಮಿಗೆ 16.67 ಮಿಲಿಸೆಕೆಂಡ್. ಸ್ಟ್ರೀಟ್ ಫೈಟರ್ 6ರಲ್ಲಿ ಥ್ರೋ ತಾಗಲು 5 ಫ್ರೇಮ್ ಸಾಕು. ಅದು ಸುಮಾರು 83 ಮಿಲಿಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ 200 ಮಿಲಿಸೆಕೆಂಡಿನಷ್ಟಾದರೂ ಬೇಕು. ನೋಡಿ ತಡೆಯುವುದು ಆಗದ ಮಾತು, ಊಹಿಸಲೇಬೇಕು. ಒಂದು ರೌಂಡಿನಲ್ಲಿ ಇಂಥ ಮೂರು ನಾಲ್ಕು ಊಹೆ ತಪ್ಪಿದರೆ ಎಂಥ ಗಟ್ಟಿಗನೂ ಸೋಲುತ್ತಾನೆ.

ಅದಕ್ಕೇ ಸೆಟ್ಟುಗಳನ್ನು ಉದ್ದ ಮಾಡುವುದು. ಒಂದೊಂದು ಆಟದಲ್ಲಿ ಗೆಲ್ಲುವ ಸಾಧ್ಯತೆ 60 ಪ್ರತಿಶತ ಇರುವ ಆಟಗಾರ್ತಿ, ಮೂರರಲ್ಲಿ ಎರಡು ಗೆಲ್ಲಬೇಕಾದ ಸೆಟ್ಟನ್ನು ಗೆಲ್ಲುವ ಸಾಧ್ಯತೆ 65 ಪ್ರತಿಶತ. ಐದರಲ್ಲಿ ಮೂರಾದರೆ 68. ಮೊದಲು ಹತ್ತು ಗೆದ್ದವರದು ಸೆಟ್ಟು ಎಂದರೆ 81. ಒಂದು ಸೆಟ್ಟಿನಲ್ಲಿ ಸೋತಳೆಂದು ಅವಳನ್ನು ಕೆಳಗಿಳಿಸುವುದು ಅನ್ಯಾಯ. ಇಪ್ಪತ್ತು ಆಟದಲ್ಲಿ ಹನ್ನೆರಡು ಗೆದ್ದರೆ ‘60 ಪ್ರತಿಶತ’ ಎನ್ನುತ್ತೇವೆ, ಆದರೆ ನಿಜವಾದ ಬಲ 39ರಿಂದ 81ರ ನಡುವೆ ಎಲ್ಲಿಯೂ ಇರಬಹುದು. ನಾನೂರು ಆಟವಾದರೆ ಈ ಅಂತರ 55ರಿಂದ 65ಕ್ಕೆ ಕುಗ್ಗುತ್ತದೆ. ಆಟದ ಸಂಖ್ಯೆ ನಾಲ್ಕು ಪಟ್ಟಾದಾಗ ಅನಿಶ್ಚಿತತೆ ಅರ್ಧವಾಗುತ್ತದೆ, ಅದಕ್ಕಿಂತ ಬೇಗ ಇಳಿಯುವುದಿಲ್ಲ.

ಗೆಲುವಿನ ಪ್ರತಿಶತಕ್ಕೆ ಇನ್ನೊಂದು ದೊಡ್ಡ ಕುಂದು ಉಂಟು. ಆನ್‌ಲೈನ್ ರ್‍ಯಾಂಕ್ ಆಟದಲ್ಲಿ ನಮಗೆ ಸಿಗುವವರು ನಮ್ಮಷ್ಟೇ ಬಲದವರು. ಹಾಗೆ ಹುಡುಕಿ ಜೋಡಿಸುವುದೇ ಆ ವ್ಯವಸ್ಥೆಯ ಕೆಲಸ. ಹೀಗಾಗಿ ಹೊಸಬರೂ ನುರಿತವರೂ ಕೊನೆಗೆ 50ರ ಸುತ್ತಮುತ್ತಲೇ ನಿಲ್ಲುತ್ತಾರೆ. ಪ್ರತಿಶತ ಹೇಳದ್ದನ್ನು ಹೇಳಲು ರೇಟಿಂಗ್ ಬೇಕು.

ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸಿದ ಅರ್ಪಾದ್ ಎಲೊ ಚದುರಂಗಕ್ಕಾಗಿ ಕಟ್ಟಿದ ಲೆಕ್ಕವೇ ಇದರ ಬೇರು. ವಿಶ್ವ ಚೆಸ್ ಸಂಸ್ಥೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಅಂಕಗಳ ವ್ಯತ್ಯಾಸವೇ ನಿರೀಕ್ಷೆ: 100 ಅಂಕ ಮೇಲಿದ್ದವರು 64 ಪ್ರತಿಶತ ಗೆಲ್ಲಬೇಕು, 200 ಮೇಲಿದ್ದರೆ 76, 400 ಆದರೆ 91. ಆಟ ಮುಗಿದ ಮೇಲೆ ಫಲಿತಾಂಶದಿಂದ ನಿರೀಕ್ಷೆಯನ್ನು ಕಳೆದು ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಬೇಕು. ಆ ಸಂಖ್ಯೆ 20 ಎಂದಿಟ್ಟುಕೊಳ್ಳಿ. 1600ರವನು 1500ರವನನ್ನು ಸೋಲಿಸಿದರೆ ಸಿಗುವುದು 7.2 ಅಂಕ, ಸೋತರೆ ಹೋಗುವುದು 12.8. ದುರ್ಬಲರನ್ನೇ ಹುಡುಕಿ ಹೊಡೆಯುವವನಿಗೆ ಇಲ್ಲಿ ಲಾಭವಿಲ್ಲ.

ಎಲೊ ಅಂಕ ತನ್ನ ಮೇಲೆ ತನಗೆಷ್ಟು ಭರವಸೆ ಎಂದು ಹೇಳುವುದಿಲ್ಲ. ಮಾರ್ಕ್ ಗ್ಲಿಕ್‌ಮನ್ ಅವರ ಗ್ಲಿಕೋ ಪದ್ಧತಿ ಹೇಳುತ್ತದೆ. ಅದರಲ್ಲಿ ಹೊಸಬನ ಅಂಕ 1500, ಜತೆಗೆ ವಿಚಲನೆ 350. ಅರ್ಥ: ಇವನ ಬಲ 800ರಿಂದ 2200ರ ನಡುವೆ ಎಲ್ಲೋ ಇದೆ, ಇನ್ನೂ ಗೊತ್ತಿಲ್ಲ. ಆಡಿದಂತೆ ವಿಚಲನೆ ಇಳಿಯುತ್ತದೆ, ಪರೀಕ್ಷೆಗೋ ಕೆಲಸಕ್ಕೋ ತಿಂಗಳುಗಟ್ಟಲೆ ಆಟ ಬಿಟ್ಟರೆ ಮತ್ತೆ ಏರುತ್ತದೆ. ಯಾರದೇ ರೇಟಿಂಗ್ ನೋಡುವಾಗ ಈ ಎರಡನೆಯ ಸಂಖ್ಯೆಯನ್ನು ಮೊದಲು ನೋಡಬೇಕು. ಫೈಟಿಂಗ್ ಗೇಮಿನಲ್ಲಿ ಇನ್ನೂ ಒಂದು ತೊಡಕಿದೆ: ರ್‍ಯೂ ಎಂಬ ಕ್ಯಾರೆಕ್ಟರನ್ನು (ಆಟದ ಪಾತ್ರವನ್ನು) ಆಡಿ ಪಳಗಿದವನ ಕೈ ಝಾಂಗೀಫನಲ್ಲಿ ಅಷ್ಟು ಓಡುವುದಿಲ್ಲ. ಆದ್ದರಿಂದ ಪ್ರತಿ ಕ್ಯಾರೆಕ್ಟರಿಗೂ ಬೇರೆ ರೇಟಿಂಗ್ ಇಡಬೇಕು. ಸ್ಟ್ರೀಟ್ ಫೈಟರ್ 6 ಕೂಡ ಹಾಗೇ ಮಾಡುತ್ತದೆ: ಒಂದು ಕ್ಯಾರೆಕ್ಟರಿನಲ್ಲಿ 25,000 ಅಂಕ ಮುಟ್ಟಿ ಮಾಸ್ಟರ್ ದರ್ಜೆಗೇರಿದವರಿಗೆ ಆ ಕ್ಯಾರೆಕ್ಟರಿನ ಮಾಸ್ಟರ್ ರೇಟ್ ಎಂಬ ರೇಟಿಂಗ್ 1500ರಿಂದ ಶುರು.

ಈಗ ಗಡಿನಾಡಿನ ಸಮಸ್ಯೆಗೆ ಬರೋಣ, ಏಕೆಂದರೆ ಇಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಈ ಜಾಗದಲ್ಲೇ. ಹಿಂದೆ ಒಂದೊಂದು ಊರಿನ ಸೇರು ಒಂದೊಂದು ಅಳತೆಯದಾಗಿತ್ತು. ರೇಟಿಂಗ್ ಕೂಡ ಹಾಗೇ. ಎಲೊ ಲೆಕ್ಕದಲ್ಲಿ ಕಾಸರಗೋಡಿನ ಹನ್ನೆರಡು ಜನ ತಲಾ 1500ರಿಂದ ಶುರುಮಾಡಿ ತಮ್ಮತಮ್ಮೊಳಗೇ ಆಡಿದರೆ ಒಟ್ಟು ಅಂಕ 18,000. ಅದು ಕೈಯಿಂದ ಕೈಗೆ ಹೋಗುತ್ತದೆ, ಬೆಳೆಯುವುದಿಲ್ಲ. ಹೊಸಬನೊಬ್ಬ 1500ರೊಂದಿಗೆ ಬಂದು 1400ಕ್ಕೆ ಇಳಿದು ಆಟ ಬಿಟ್ಟುಹೋದನೆಂದರೆ ಅವನ 100 ಅಂಕ ಇಲ್ಲೇ ಉಳಿಯುತ್ತದೆ. ಹೀಗೆ ಹತ್ತು ಜನ ಬಂದುಹೋದರೆ ಯಾರ ಆಟವೂ ಸುಧಾರಿಸದೆ ಉಳಿದವರ ಸರಾಸರಿ ಅಂಕ ಏರಿರುತ್ತದೆ. ಇಲ್ಲಿಯ 1700 ಮತ್ತು ಸುಮಾರು 50 ಕಿಲೋಮೀಟರ್ ಆಚೆ ಮಂಗಳೂರಿನ 1700 ಒಂದೇ ಆಗಬೇಕಿಲ್ಲ.

ಎರಡನ್ನೂ ಜೋಡಿಸುವುದು ಅತ್ತಿತ್ತ ಹೋಗಿ ಆಡುವವರು. ಒಬ್ಬನೇ ಹೋಗಿ ಐದು ಆಟ ಆಡಿ ಬಂದರೆ ಅವನ ಆ ದಿನದ ನಿದ್ದೆ, ಹಸಿವು ಇಡೀ ಊರಿನ ಅಂಕಕ್ಕೆ ಅಂಟಿಕೊಳ್ಳುತ್ತದೆ. ಮೂರು ನಾಲ್ಕು ಜನ ಹೋಗಿ, ಒಬ್ಬೊಬ್ಬರೂ ಬೇರೆಬೇರೆ ಎದುರಾಳಿಗಳೊಡನೆ ಇಪ್ಪತ್ತಿಪ್ಪತ್ತು ಆಟ ಆಡಿದರೆ ಮಾತ್ರ ಸೇತುವೆ ಗಟ್ಟಿ. ಎಲೊ ಲೆಕ್ಕದಲ್ಲಿ ಆ ತಿದ್ದುಪಡಿ ಉಳಿದವರಿಗೆ ಹರಡಲು ಅವರೊಡನೆ ಮತ್ತೆ ಆಡಬೇಕು, ಅದು ನಿಧಾನ. ಬೇಗ ಬೇಕಿದ್ದರೆ ಎಲ್ಲ ಆಟಗಳನ್ನೂ ಒಟ್ಟಿಗೆ ಹಾಕಿ ಮೊದಲಿಂದ ಲೆಕ್ಕ ಮಾಡುವ ಬ್ರ್ಯಾಡ್ಲಿ–ಟೆರಿ ಮಾದರಿ ಇದೆ. ಅದನ್ನು ಪ್ರಕಟಿಸಿದ್ದು 1952ರಲ್ಲಿ. ಸಣ್ಣ ಗುಂಪಿಗೆ ಇಂದಿಗೂ ಇದೇ ಒಳ್ಳೆಯದು.

ಆನ್‌ಲೈನಿನಲ್ಲೇ ಆಡಬಹುದಲ್ಲ ಎಂದರೆ ದೂರವೂ ಲೆಕ್ಕಕ್ಕೆ ಬರುತ್ತದೆ. ಕಾಸರಗೋಡಿನಿಂದ ಸಿಂಗಾಪುರಕ್ಕೆ ನೇರ ಗೆರೆಯಲ್ಲಿ ಸುಮಾರು 3,400 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಕನಿಷ್ಠ 34 ಮಿಲಿಸೆಕೆಂಡ್, ಎರಡು ಫ್ರೇಮ್. ಕೇಬಲ್ ಸುತ್ತಿ ಬರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಇದಕ್ಕಿಂತ ಕಾಡುವುದು ವೈಫೈಯ ಏರಿಳಿತ. ಪ್ರತಿ ಆಟದ ಮುಂದೆ ‘ಕೇಬಲ್’ ಅಥವಾ ‘ವೈಫೈ’ ಎಂದು ಬರೆದಿಟ್ಟರೆ ಆಮೇಲೆ ಬೇರ್ಪಡಿಸಿ ನೋಡಬಹುದು.

ನಡುವೆ ಕಡಿದುಹೋದ ಆಟಗಳನ್ನು ಏನು ಮಾಡುವುದು? ಬಿಟ್ಟುಬಿಟ್ಟರೆ ಸೋಲುವಾಗ ತಂತಿ ಕಿತ್ತವನು ಪಾರಾಗುತ್ತಾನೆ. ಎಲ್ಲವನ್ನೂ ಸೋಲೆಂದು ಬರೆದರೆ ಆಟಿ ತಿಂಗಳ ಮಳೆಗೆ ಕರೆಂಟು ಹೋದ ಬದಿಯಡ್ಕದವನು ಶಿಕ್ಷೆ ಅನುಭವಿಸುತ್ತಾನೆ. ಕಡಿದ ಹೊತ್ತಿನಲ್ಲಿ ಇಬ್ಬರ ಲೈಫ್ ಎಷ್ಟಿತ್ತೆಂದು ದಾಖಲಿಸುವುದು ಸರಿಯಾದ ದಾರಿ. ಮಳೆಗೆ ಯಾರು ಗೆಲ್ಲುತ್ತಿದ್ದಾರೆಂದು ಗೊತ್ತಿಲ್ಲ; ಮಳೆಯೇ ಕಾರಣವಾದರೆ ಮುಂದಿದ್ದಾಗಲೂ ಹಿಂದಿದ್ದಾಗಲೂ ಹೆಚ್ಚುಕಡಿಮೆ ಸಮವಾಗಿ ಕಡಿದಿರುತ್ತದೆ. ಇಪ್ಪತ್ತು ಸಲದಲ್ಲಿ ಹದಿನೆಂಟು ಸಲ ಸೋಲುವ ಹೊತ್ತಿಗೇ ಕಡಿದಿದ್ದರೆ ಆ ಆಟಗಳನ್ನು ಸೋಲೆಂದೇ ಬರೆಯಬೇಕು.

ಊರಿನ ಗುಂಪು ಇದನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಮಾಡಬಹುದು. ಒಂದು ಸಾಲಿಗೆ ಒಂದು ಆಟ. ಸೆಟ್ಟಿನ ಫಲಿತಾಂಶ ಮಾತ್ರ ಬರೆದರೆ 3–0 ಮತ್ತು 3–2 ಒಂದೇ ಆಗಿಬಿಡುತ್ತವೆ. ತಾರೀಕು, ಇಬ್ಬರ ಹೆಸರು, ಇಬ್ಬರ ಕ್ಯಾರೆಕ್ಟರ್, ಗೆದ್ದವರು, ಆಟದ ಆವೃತ್ತಿ ಇಷ್ಟಿರಲಿ. ಆಟಗಾರರು ಆಡುವ ಹೆಸರನ್ನು ಬದಲಿಸುತ್ತಲೇ ಇರುವುದರಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟುಬಿಡಿ. ಗೆದ್ದವರಷ್ಟೇ ಫಲಿತಾಂಶ ಕಳಿಸುವುದು ಎಲ್ಲ ಗುಂಪುಗಳ ಕಾಯಿಲೆ; ಆಟ ಮುಗಿದ ಕೂಡಲೇ ಮೂರನೆಯವರು ಬರೆದರೆ ಅದು ತಪ್ಪುತ್ತದೆ. ಯಾವ ಕ್ಯಾರೆಕ್ಟರ್ ಎಷ್ಟು ಗೆಲ್ಲುತ್ತದೆ ಎಂಬ ಪಟ್ಟಿ ತೆಗೆಯುವಾಗ ರ್‍ಯೂ–ರ್‍ಯೂ ಆಟಗಳನ್ನು ಹೊರಗಿಡಿ. ಅವು ಯಾವತ್ತೂ ಐವತ್ತಕ್ಕೈವತ್ತು, ಸೇರಿಸಿದಷ್ಟೂ ನಿಜವಾದ ವ್ಯತ್ಯಾಸ ಮರೆಯಾಗುತ್ತದೆ. ಕಂಪನಿ ಹೊಸ ಆವೃತ್ತಿ ತಂದು ಹೊಡೆತಗಳ ಫ್ರೇಮ್ ತಿದ್ದಿದ ದಿನ ಆ ಪಟ್ಟಿಯನ್ನು ಹೊಸದಾಗಿ ಶುರುಮಾಡಿ. ಆಟಗಾರರ ರೇಟಿಂಗ್ ಹಾಗೇ ಮುಂದುವರಿಯಲಿ, ವಿಚಲನೆಯನ್ನು ಮಾತ್ರ ಸ್ವಲ್ಪ ಏರಿಸಿ.