ಯೋಬನ ಗೆಳೆಯರ ಮಾತು ಇನ್ನೂ ಯಾಕೆ ಓಡಾಡುತ್ತಿದೆ?

2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ನಿಂತ ಬೆಳೆ ಹೊಲದಲ್ಲೇ ಒಣಗಿತು. ಇಂಥ ಹೊತ್ತಲ್ಲಿ ರೈತನ ಮನೆಗೆ ಬಂದವರು ಬೀಜ, ಮಣ್ಣು, ಮಳೆ ಅಂತ ಮಾತಾಡಿ ಸುಮ್ನೆ ಎದ್ದು ಹೋಗುವುದಿಲ್ಲ. ಒಬ್ಬರಾದರೂ "ಪಡ್ಕೊಂಡು ಬಂದದ್ದು" ಅನ್ನುತ್ತಾರೆ. ಕೆಲವು ಪ್ರಾರ್ಥನಾ ಕೂಟಗಳಲ್ಲೂ ಇದೇ ಮಾತು ಬೇರೆ ಅಂಗಿ ತೊಟ್ಟು ಬರುತ್ತದೆ: ನಿಮ್ಮ ನಂಬಿಕೆ ಕಡಿಮೆಯಾಗಿದೆ, ಎಲ್ಲೋ ಪಾಪ ಉಳಿದಿದೆ. ಕಷ್ಟ ಬಂದಿದೆ ಅಂದರೆ ತಪ್ಪು ನಿನ್ನದೇ ಎನ್ನುವ ಈ ವಾದ ಬಹಳ ಹಳೆಯದು. ಅದರ ಜೊತೆ ನಡೆದ ಜಗಳವೂ ಅಷ್ಟೇ ಹಳೆಯದು. ಬೈಬಲ್ಲಿನಲ್ಲಿ ಆ ಜಗಳ ಎದ್ದು ಕಾಣುವುದು ಜ್ಞಾನೋಕ್ತಿಗಳು, ಯೋಬ, ಪ್ರಸಂಗಿ ಎಂಬ ಮೂರು ಪುಸ್ತಕಗಳಲ್ಲಿ.

ಜ್ಞಾನೋಕ್ತಿಗಳು ತಂದೆ ಮಗನಿಗೆ ಹೇಳುವ ಬುದ್ಧಿಮಾತು. ಇದರಲ್ಲಿ ಇಸ್ರಾಯೇಲಿನ ಮಾತಷ್ಟೇ ಇಲ್ಲ. ಈಜಿಪ್ಟಿನ ಅಮೆನೆಮೋಪೆ ಎಂಬ ಅಧಿಕಾರಿಯ ಹೆಸರಲ್ಲಿರುವ 30 ಅಧ್ಯಾಯಗಳ ಉಪದೇಶ 1923ರಲ್ಲಿ ಅಚ್ಚಾಯಿತು. ಮರುವರ್ಷವೇ ಜರ್ಮನ್ ವಿದ್ವಾಂಸ ಅಡಾಲ್ಫ್ ಎರ್ಮನ್, ಜ್ಞಾನೋಕ್ತಿಗಳ 22 ಮತ್ತು 23ನೇ ಅಧ್ಯಾಯಗಳಲ್ಲಿ ಅದರ ಸಾಲುಗಳು ಹೇಗೆ ಬಂದಿವೆ ಎಂದು ತೋರಿಸಿದರು. ದಿಕ್ಕಿಲ್ಲದ ಬಡವನನ್ನು ದೋಚಬೇಡ ಎನ್ನುವ ಮಾತು ಎರಡರಲ್ಲೂ ಇದೆ. ನನಗೆ ಇದು ತುಂಬಾ ಹಿಡಿಸುತ್ತದೆ. ಒಳ್ಳೆಯ ಮಾತು ಪರದೇಶದ್ದು ಎಂದು ಆ ಬರಹಗಾರರು ಬಿಟ್ಟುಬಿಡಲಿಲ್ಲ.

ಆದರೆ ಇದೇ ಪುಸ್ತಕ, ಮೈಗಳ್ಳನಿಗೆ ಬಡತನ, ಚುರುಕಾಗಿ ದುಡಿಯುವವನಿಗೆ ಸಿರಿ ಎಂದೂ ಹೇಳುತ್ತದೆ. ಓದುವ ಹುಡುಗನಿಗೆ ಇದು ಒಳ್ಳೆಯ ಬುದ್ಧಿವಾದ. ಆದರೆ ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಹೊಲದಲ್ಲಿ ಕೂಲಿ ಮಾಡಿಯೂ ಸಾಲ ತೀರದ ಹೆಂಗಸಿಗೆ ಇದನ್ನೇ ಓದಿ ಹೇಳಿದರೆ ಅದು ಬುದ್ಧಿವಾದವಲ್ಲ, ಆರೋಪ.

ಯೋಬನ ಪುಸ್ತಕ ಕೈ ಹಾಕುವುದು ಇಲ್ಲಿಗೇ. ಯೋಬ ತಪ್ಪು ಮಾಡಿಲ್ಲ ಎಂದು ಮೊದಲ ಸಾಲಲ್ಲೇ ಹೇಳಿಬಿಡುತ್ತದೆ. 7,000 ಕುರಿ, 3,000 ಒಂಟೆ, ಮಕ್ಕಳು, ಆರೋಗ್ಯ, ಎಲ್ಲಾ ಹೋಗುತ್ತದೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಮಾತು ಒಂದೇ ಕಡೆ ತಿರುಗುತ್ತದೆ: ನಿರಪರಾಧಿ ಯಾವಾಗ ನಾಶವಾದ, ನೀನು ಏನೋ ಮಾಡಿರಬೇಕು. ಯೋಬ ಒಪ್ಪುವುದಿಲ್ಲ. ದೇವರನ್ನೇ ಪ್ರಶ್ನೆ ಮಾಡುತ್ತಾನೆ, ಹುಟ್ಟಿದ ದಿನವನ್ನು ಶಪಿಸುತ್ತಾನೆ. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರ ಸಿಟ್ಟು ಯಾರ ಮೇಲೆ ಬರುತ್ತದೆ? ದೇವರ ಪರವಾಗಿ ವಾದಿಸಿದ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎನ್ನುತ್ತಾನೆ ದೇವರು. ಚರ್ಚಿನ ಬೋಧನೆಗಳಲ್ಲಿ 'ಯೋಬನ ತಾಳ್ಮೆ' ಎಷ್ಟು ಕೇಳುತ್ತೇವೋ, ಈ ಮಾತು ಅಷ್ಟು ಕೇಳುವುದಿಲ್ಲ.

ಪ್ರಸಂಗಿಯ ದನಿ ಇನ್ನೂ ಖಡಕ್. ಓಟದಲ್ಲಿ ವೇಗದವನೇ ಗೆಲ್ಲುವುದಿಲ್ಲ, ಜಾಣನಿಗೇ ಅನ್ನ ಸಿಗುವುದಿಲ್ಲ. ಹಿಂಸೆಗೆ ಸಿಕ್ಕವರ ಕಣ್ಣೀರು ನೋಡಿದೆ, ಅವರನ್ನು ಸಂತೈಸುವವರೇ ಇಲ್ಲ ಎನ್ನುತ್ತಾನೆ. ಹಾಗಂತ ಬದುಕು ಬೇಡ ಅನ್ನುವುದಿಲ್ಲ, ಇರುವ ರೊಟ್ಟಿಯನ್ನು ಸಂತೋಷದಿಂದ ತಿನ್ನು ಎನ್ನುತ್ತಾನೆ. ಈ ಪುಸ್ತಕ ಪವಿತ್ರವೋ ಅಲ್ಲವೋ ಎಂದು ಯೆಹೂದಿ ಗುರುಗಳಲ್ಲೇ ವಾದ ನಡೆದಿತ್ತು. ಹಿಲ್ಲೇಲನ ಪಂಥದವರು ಹೌದು ಎಂದರು, ಶಮ್ಮಾಯನ ಪಂಥದವರು ಅಲ್ಲ ಎಂದರು. ಕೊನೆಗೆ ಪುಸ್ತಕ ಉಳಿಯಿತು.

ನಮ್ಮ ಭಾಷೆಗೆ ಇದೆಲ್ಲ ಬಂದದ್ದು ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೆಲಸದಿಂದ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಬೀದರ್ ಸೀಮೆ ಆಗ ನಿಜಾಮರ ರಾಜ್ಯ. ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಇಲ್ಲಿಗೆ ಬಂದದ್ದು ಆ ಶತಮಾನದ ಕೊನೆಗೆ. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆ ಅದೇ ಮಿಷನ್ನಿನದು. ಕ್ರೈಸ್ತ ಸಭೆಗೆ, ಅಂದರೆ ಚರ್ಚಿಗೆ, ಸೇರಿದವರಲ್ಲಿ ದಲಿತ ಕುಟುಂಬಗಳೇ ಜಾಸ್ತಿ. ನಿಮ್ಮ ಕಷ್ಟ ಹಿಂದಿನ ಜನ್ಮದ ಫಲ ಎಂದು ತಲೆತಲಾಂತರದಿಂದ ಕೇಳಿಸಿಕೊಂಡವರಿಗೆ ಯೋಬನ ಪುಸ್ತಕ ಸಣ್ಣ ವಿಷಯ ಅಲ್ಲ. ಅದೇ ಮನೆತನಗಳ ಮೊಮ್ಮಕ್ಕಳಿಗೆ ಈಗ ವೇದಿಕೆಯಿಂದ ಎಲೀಫಜನ ವಾದವನ್ನೇ ಬೋಧಿಸಿದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಇದು ಕ್ರೈಸ್ತರ ಆಸ್ತಿ ಮಾತ್ರವೂ ಅಲ್ಲ. ಕಲಬುರಗಿಯ ಮುಸ್ಲಿಂ ಮನೆಗಳಲ್ಲಿ ಯೋಬ ಅಯ್ಯೂಬ್ ಆಗಿ ಗೊತ್ತು. ಖುರಾನಿನ 31ನೇ ಸೂರಾದಲ್ಲಿ (ಅಧ್ಯಾಯದಲ್ಲಿ) ಲುಕ್ಮಾನ್ ಎಂಬ ಜ್ಞಾನಿ ಮಗನಿಗೆ ಹೇಳುವ ಬುದ್ಧಿಮಾತು ಜ್ಞಾನೋಕ್ತಿಗಳ ಧಾಟಿಯಲ್ಲೇ ಇದೆ, ಅಲ್ವಾ? ಒಟ್ಟಿಗೆ ಕೂತು ಓದಬಹುದು.

ಬದುಕಿನ ಅರ್ಥ ಹುಡುಕುತ್ತಾ ಈ ಪುಸ್ತಕಗಳಿಗೆ ಬರುವವರು ಸಾಮಾನ್ಯವಾಗಿ ಜ್ಞಾನೋಕ್ತಿಗಳಿಂದ ಶುರು ಮಾಡುತ್ತಾರೆ. 31 ಅಧ್ಯಾಯ, ದಿನಕ್ಕೊಂದರಂತೆ ತಿಂಗಳಿಗೆ ಮುಗಿಯುತ್ತದೆ. ಓದಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಯೋಬದ ಮೊದಲ ಐದು ಅಧ್ಯಾಯ ಓದಿ, ಗೆಳೆಯರ ವಾದ ಸರಿ ಅನ್ನಿಸುತ್ತಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆಮೇಲೆ 38ರಿಂದ ಕೊನೆಯವರೆಗೆ ಓದಿ. ಪ್ರಸಂಗಿ ಬರೀ 12 ಅಧ್ಯಾಯ, ಒಂದೇ ಸಂಜೆಗೆ ಆಗುತ್ತದೆ. ಕೂಟದಲ್ಲಿ ಓದುವುದಾದರೆ, ಆ ವರ್ಷ ಬೆಳೆ ಕಳೆದುಕೊಂಡವರಿಗೆ ಮೊದಲು ಮಾತಾಡಲು ಬಿಡಿ.